ಟೆಸ್ಟ್‌ಗಳೆಲ್ಲ ಪಾಸ್ ಆಗಿವೆ, ಪ್ಯಾಚ್ ಒಪ್ಪಿಕೊಳ್ಳಲೇ?

ಪ್ರಶ್ನೆ: ನಾನು ಸಿ ಭಾಷೆಯಲ್ಲಿ ನೆಟ್‌ವರ್ಕ್ ಲೈಬ್ರರಿ ಬರೆಯುವ ಒಂದು ಚಿಕ್ಕ ತಂಡದಲ್ಲಿದ್ದೇನೆ. ನನಗಿಂತ ಹಿರಿಯರೊಬ್ಬರು ನಮ್ಮ ಸಾಕೆಟ್ (ಪ್ರೋಗ್ರಾಂ ನೆಟ್‌ವರ್ಕ್ ಜೊತೆ ಮಾತಾಡುವ ಕೊನೆ) ಟೆಸ್ಟ್‌ಗಳನ್ನು ಚೊಕ್ಕ ಮಾಡುವ ಪ್ಯಾಚ್, ಅಂದರೆ ಕೋಡ್ ಬದಲಾವಣೆಗಳ ಕಟ್ಟು, ಕಳಿಸಿದ್ದಾರೆ. ಹೆಚ್ಚೆಂದರೆ ಎಂಬತ್ತು ಸಾಲು. ಆರು ಟೆಸ್ಟ್‌ಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಕೋಡನ್ನು ಹೆಲ್ಪರ್ ಫಂಕ್ಷನ್‌ಗಳಿಗೆ ಹಾಕಿದ್ದಾರೆ. ಸರ್ವರ್ ಕನೆಕ್ಷನ್‌ಗೆ ಕಾಯುವ ಪೋರ್ಟ್ ನಂಬರ್ 8080 ಇದ್ದದ್ದನ್ನು 0 ಮಾಡಿದ್ದಾರೆ. ಅಲ್ಲಲ್ಲಿದ್ದ ಸ್ಲೀಪ್‌ಗಳನ್ನೂ (ಸುಮ್ಮನೆ ಕಾಯುವ ಸಾಲುಗಳು) 'ಬೇಡದ' ಕೆಲವು ಸಾಲುಗಳನ್ನೂ ಅಳಿಸಿದ್ದಾರೆ. 'ನಡವಳಿಕೆಯಲ್ಲಿ ಬದಲಾವಣೆ ಇಲ್ಲ' ಎಂದು ಕಮಿಟ್ ಮೆಸೇಜ್‌ನಲ್ಲಿ ಬರೆದಿದ್ದಾರೆ. ಟೆಸ್ಟ್‌ಗಳೆಲ್ಲ ಪಾಸ್. ಪ್ಯಾಚನ್ನು ಜೊತೆಗೆ ಇಟ್ಟಿದ್ದೇನೆ. ಇದರಲ್ಲಿ ನಾನು ನೋಡುವುದಕ್ಕೆ ಏನಾದರೂ ಇದೆಯೇ? ಸುಮ್ನೆ ಅಪ್ರೂವ್ ಮಾಡಬಹುದಲ್ವಾ?

ಉತ್ತರ: ಅಪ್ರೂವ್ ಮಾಡಬಹುದು, ಆದರೆ ಇವತ್ತೇ ಬೇಡ. ಇದಕ್ಕೊಂದು ಅರ್ಧ ದಿನ ಕೊಡಿ.

ಬೇರೆ ಕೋಡ್ ಬದಲಾಯಿಸುವಾಗ ತಪ್ಪಾದರೆ ಟೆಸ್ಟ್ ಕೂಗಿ ಹೇಳುತ್ತದೆ. ಟೆಸ್ಟನ್ನೇ ಬದಲಾಯಿಸಿದಾಗ ಕೂಗಿ ಹೇಳಲು ಯಾರೂ ಇಲ್ಲ. ರಿವ್ಯೂ ಮಾಡುವ ನೀವೊಬ್ಬರೇ ಇರುವುದು. 'ಎಲ್ಲ ಪಾಸ್' ಎಂಬ ಮಾತು ಇಲ್ಲಿ ಅರ್ಧ ಉತ್ತರ ಮಾತ್ರ. ಏಕೆಂದರೆ ಏನನ್ನೂ ಪರೀಕ್ಷೆ ಮಾಡದ ಟೆಸ್ಟ್ ಕೂಡ ಪಾಸ್ ಆಗುತ್ತದೆ. ನೀವು ಕೇಳಬೇಕಾದ ಪ್ರಶ್ನೆ ಬೇರೆ. ಮೊದಲು ಯಾವ ತಪ್ಪು ನಡೆದರೆ ಈ ಟೆಸ್ಟ್ ಫೇಲ್ ಆಗುತ್ತಿತ್ತೋ, ಈಗಲೂ ಅದೇ ತಪ್ಪಿಗೆ ಫೇಲ್ ಆಗುತ್ತದೆಯೇ? ಈ ಪ್ರಶ್ನೆ ಇಟ್ಟುಕೊಂಡು ನಿಮ್ಮ ಪ್ಯಾಚನ್ನು ಸಾಲು ಸಾಲಾಗಿ ಓದಿದೆ. ಕೆಲವು ಕಡೆ ಉತ್ತರ 'ಇಲ್ಲ' ಎಂದು ಬಂತು.

ಎಲ್ಲಕ್ಕಿಂತ ಮುಖ್ಯವಾದದ್ದು ರಿಸೆಟ್ ಟೆಸ್ಟ್, ಅಂದರೆ ಕನೆಕ್ಷನ್ ಅರ್ಧಕ್ಕೆ ಕಡಿದುಹೋದದ್ದು ಗೊತ್ತಾಗುತ್ತದೆಯೇ ಎಂದು ನೋಡುವ ಟೆಸ್ಟ್. ಹಳೆಯ ಕೋಡ್‌ನಲ್ಲಿ ಕ್ಲೈಂಟ್ ನೂರು ಬೈಟ್ ಕಳಿಸುತ್ತದೆ. ಸರ್ವರ್ ಅದನ್ನು ಓದದೆ ಸಾಕೆಟ್ ಮುಚ್ಚುತ್ತದೆ. ಓದದೇ ಇರುವುದು ಮರೆವಲ್ಲ, ಬೇಕೆಂದೇ ಹಾಗೆ ಬರೆದಿದ್ದಾರೆ. ಬಂದ ಡೇಟಾ ಇನ್ನೂ ಬಫರ್‌ನಲ್ಲಿ ಇರುವಾಗಲೇ ಸಾಕೆಟ್ ಮುಚ್ಚಿದರೆ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) 'ಮುಗಿಯಿತು' ಎನ್ನುವ ಎಂದಿನ ಫಿನ್ ಪ್ಯಾಕೆಟ್ ಕಳಿಸುವುದಿಲ್ಲ. ರಿಸೆಟ್ ಕಳಿಸುತ್ತದೆ. 'ನೀನು ಕಳಿಸಿದ್ದು ಪೂರ್ತಿ ತಲುಪಲಿಲ್ಲ' ಎಂದು ಎದುರು ಕಡೆಗೆ ತಿಳಿಸುವ ದಾರಿ ಅದು. ಹೀಗೆ ಮಾಡಬೇಕೆಂದು 1989ರ ಇಂಟರ್ನೆಟ್ ನಿಯಮಗಳ ದಾಖಲೆ ಆರ್‌ಎಫ್‌ಸಿ 1122 ಹೇಳುತ್ತದೆ. ಆಗ ಕ್ಲೈಂಟ್ ಓದಲು ಹೋದರೆ ಮೈನಸ್ 1 ಸಿಗುತ್ತದೆ, ತಪ್ಪಿನ ಕಾರಣ ಇಡುವ ಎರ್‌ನೋದಲ್ಲಿ 'ಕನೆಕ್ಷನ್ ರಿಸೆಟ್' ಎಂಬ ಬೆಲೆ ಇರುತ್ತದೆ. ಸರ್ವರ್ ಎಲ್ಲವನ್ನೂ ಓದಿ ಮುಚ್ಚಿದ್ದರೆ ಕ್ಲೈಂಟ್‌ಗೆ 0 ಸಿಗುತ್ತದೆ. ಅಂದರೆ ಮಾತು ಮುಗಿಯಿತು, ಎಲ್ಲ ಸರಿಯಾಗಿದೆ ಎಂದು.

ಹೊಸ ಪ್ಯಾಚ್‌ನಲ್ಲಿ ಎರಡು ಬದಲಾವಣೆಗಳಾಗಿವೆ. ಬೇರೆ ಬೇರೆಯಾಗಿ ನೋಡಿದರೆ ಎರಡೂ ಸಾಧುವಾಗಿಯೇ ಕಾಣುತ್ತವೆ. ಸಾಕೆಟ್ ಮುಚ್ಚುವ ಹೆಲ್ಪರ್ ಈಗ ಉಳಿದ ಡೇಟಾ ಎಲ್ಲ ಓದಿ ಮುಗಿಸಿ ಆಮೇಲೆ ಮುಚ್ಚುತ್ತದೆ. ಮತ್ತೆ, ಮೊದಲು ಬೇರೆಯಾಗಿದ್ದ 'ಸೊನ್ನೆಯೇ?', 'ಸೊನ್ನೆಗಿಂತ ಕಡಿಮೆಯೇ?' ಎಂಬ ಎರಡು ತಪಾಸಣೆಗಳು 'ಸೊನ್ನೆ ಅಥವಾ ಅದಕ್ಕಿಂತ ಕಡಿಮೆಯೇ?' ಎಂದು ಒಂದೇ ಸಾಲಿಗೆ ಇಳಿದಿವೆ. ಈಗ ಎರಡನ್ನೂ ಸೇರಿಸಿ ನೋಡಿ. ರಿಸೆಟ್ ಬರುವುದೇ ಇಲ್ಲ, 0 ಬರುತ್ತದೆ. ತಪಾಸಣೆ 0ಯನ್ನೂ ಒಪ್ಪುತ್ತದೆ. ಟೆಸ್ಟ್ ಪಾಸ್. ಹೆಸರು ರಿಸೆಟ್ ಟೆಸ್ಟ್ ಎಂದೇ ಉಳಿದಿದೆ, ಆದರೆ ರಿಸೆಟ್ ಎನ್ನುವುದು ಒಂದು ಸಲವೂ ನಡೆಯುವುದಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಹಿಂದೆ ನಾನಿದ್ದ ಒಂದು ತಂಡದಲ್ಲಿ ಹೀಗೆಯೇ ಎರಡು ಸಾಲು ಒಂದಾಗಿದ್ದವು. ಅದನ್ನು ಓದಿ ಒಪ್ಪಿದವನು ನಾನು. ಆಮೇಲೆ ಯಾರೋ ಲೈಬ್ರರಿಯಲ್ಲಿ ರಿಸೆಟ್ ಮತ್ತು ಮುಕ್ತಾಯ ಎರಡಕ್ಕೂ ಒಂದೇ ಉತ್ತರ ಕೊಡುವಂತೆ ಬದಲಾಯಿಸಿದರು. ಟೆಸ್ಟ್ ಏನೂ ಹೇಳಲಿಲ್ಲ. ಅರ್ಧಕ್ಕೆ ಕಡಿದುಹೋದ ಫೈಲ್‌ಗಳನ್ನು ನಮ್ಮ ಪ್ರೋಗ್ರಾಂ ಪೂರ್ತಿ ಫೈಲ್ ಎಂದು ಉಳಿಸುತ್ತಾ ಹೋಯಿತು. ಬಳಸುವವರು ಬಂದು ಹೇಳಿದ ಮೇಲೆ ಗೊತ್ತಾಯಿತು. ಅವರ ಡೇಟಾ ವಾಪಸ್ ಕೊಡಲು ನಮ್ಮಿಂದ ಆಗಲಿಲ್ಲ. ಅಂದಿನಿಂದ ಟೆಸ್ಟ್‌ನಲ್ಲಿ ಎರಡು ತಪಾಸಣೆ ಒಂದಾಗುವುದನ್ನು ಕಂಡರೆ ನಾನು ನಿಂತು ಓದುತ್ತೇನೆ.

ಇನ್ನು ಓದುವ ಹೆಲ್ಪರ್. ಮೊದಲು ಪ್ರತಿ ಟೆಸ್ಟ್‌ನಲ್ಲೂ 1024 ಬೈಟ್‌ನ ಅರೇ ಇತ್ತು. ರಿಸೀವ್ ಕರೆಗೆ ಅದರ ಸೈಜ್‌ಆಫ್, ಅಂದರೆ ಅಳತೆ, ಕೊಡುತ್ತಿದ್ದರು, ಸರಿಯಾಗಿತ್ತು. ಈಗ ಆ ಸಾಲನ್ನು ಹಾಗೇ ಎತ್ತಿ ಹೆಲ್ಪರ್ ಒಳಗೆ ಇಟ್ಟಿದ್ದಾರೆ. ಆದರೆ ಹೆಲ್ಪರ್ ಒಳಗೆ ಬಫರ್ ಅರೇ ಅಲ್ಲ, ಪಾಯಿಂಟರ್, ಅಂದರೆ ಅರೇ ಇರುವ ಜಾಗದ ವಿಳಾಸ. ಅದರ ಸೈಜ್‌ಆಫ್ ಅಂದರೆ ಪಾಯಿಂಟರ್‌ನ ಅಳತೆ. 64 ಬಿಟ್ ಯಂತ್ರದಲ್ಲಿ 8 ಬೈಟ್. ಪ್ಯಾರಾಮೀಟರನ್ನು ಚೌಕ ಆವರಣ ಹಾಕಿ ಅರೇ ರೂಪದಲ್ಲಿ ಬರೆದಿದ್ದರೆ ಜಿಸಿಸಿ, ಕ್ಲ್ಯಾಂಗ್ ಎಂಬ ಕಂಪೈಲರ್‌ಗಳೆರಡೂ ಎಚ್ಚರಿಸುತ್ತಿದ್ದವು. ನಕ್ಷತ್ರ ಹಾಕಿ ಬರೆದಿರುವುದರಿಂದ ಎರಡೂ ಸುಮ್ಮನಿವೆ.

ಹಾಗಿದ್ದರೂ ಟೆಸ್ಟ್‌ಗಳು ಪಾಸ್ ಆದದ್ದು ಹೇಗೆ? ಟಿಸಿಪಿ ಟೆಸ್ಟ್‌ಗಳಲ್ಲಿ ಓದುವುದು ಲೂಪ್ ಒಳಗೆ. ಎಂಟೆಂಟು ಬೈಟ್ ತೆಗೆದುಕೊಂಡರೂ ಕೊನೆಗೆ ಎಲ್ಲ ಸಿಗುತ್ತದೆ, ನಿಧಾನ ಅಷ್ಟೆ. ಟಿಸಿಪಿ ಒಂದು ಹರಿವು, ಓದದೇ ಬಿಟ್ಟದ್ದು ಅಲ್ಲೇ ಕಾಯುತ್ತದೆ. ಯುಡಿಪಿ ಹಾಗಲ್ಲ. ಅಲ್ಲಿ ಒಂದು ಓದಿಗೆ ಒಂದು ಡೇಟಾಗ್ರಾಂ (ಒಂದು ಬಿಡಿ ಸಂದೇಶ). ಬಫರ್ ಚಿಕ್ಕದಾದರೆ ಹಿಡಿದಷ್ಟು ಕೊಟ್ಟು ಉಳಿದದ್ದನ್ನು ಕರ್ನಲ್ ಬಿಸಾಡುತ್ತದೆ. ನಿಮ್ಮ ಯುಡಿಪಿ ಟೆಸ್ಟ್ 512 ಬೈಟ್ ಕಳಿಸಿ, 8 ಬೈಟ್ ಪಡೆದು, 504 ಬೈಟ್ ಕಳೆದುಕೊಳ್ಳುತ್ತಿದೆ. ಆಮೇಲೆ ಹೋಲಿಕೆ ಮಾಡುವಾಗ 'ಎಷ್ಟು ಬಂತೋ ಅಷ್ಟು ಬೈಟ್' ಮಾತ್ರ ಹೋಲಿಸುತ್ತದೆ. ಎಂಟಕ್ಕೆ ಎಂಟು ಸರಿಹೋಯಿತು, ಪಾಸ್. ಇಲ್ಲಿ ಎರಡು ಬದಲಾವಣೆ ಕೇಳಿ. ಬಫರ್‌ನ ಅಳತೆಯನ್ನು ಬೇರೆ ಆರ್ಗ್ಯುಮೆಂಟ್ ಆಗಿ ಕೊಡಬೇಕು. ಹೋಲಿಸುವ ಮೊದಲು ಬಂದ ಬೈಟ್‌ಗಳ ಲೆಕ್ಕ ಕಳಿಸಿದ ಲೆಕ್ಕಕ್ಕೆ ಸಮ ಇದೆಯೇ ಎಂದು ನೋಡಬೇಕು. ಎರಡನೆಯದು ಹಳೆಯ ಕೋಡ್‌ನಲ್ಲೂ ಇರಲಿಲ್ಲ. ಈ ಪ್ಯಾಚ್ ಬಂದದ್ದರಿಂದ ಅದು ಕಣ್ಣಿಗೆ ಬಿತ್ತು, ಒಳ್ಳೆಯದೇ ಆಯಿತು.

ಪೋರ್ಟ್ ವಿಷಯಕ್ಕೆ ಬರೋಣ. ನಿಗದಿಯಾದ ಪೋರ್ಟ್ ತೆಗೆದು 0 ಮಾಡುವುದು ಒಳ್ಳೆಯ ಕೆಲಸ, ಅದರಲ್ಲಿ ಅನುಮಾನವಿಲ್ಲ. 0 ಕೊಟ್ಟು ಬೈಂಡ್ ಮಾಡಿದರೆ (ಸಾಕೆಟನ್ನು ಪೋರ್ಟ್‌ಗೆ ಕಟ್ಟಿದರೆ) ಖಾಲಿ ಇರುವ ಪೋರ್ಟನ್ನು ಕರ್ನಲ್ ತಾನೇ ಆರಿಸುತ್ತದೆ. ಲಿನಕ್ಸ್‌ನಲ್ಲಿ ಬೇರೆ ಹೊಂದಾಣಿಕೆ ಮಾಡಿರದಿದ್ದರೆ 32768ರಿಂದ 60999ರ ಒಳಗಿನದ್ದು ಸಿಗುತ್ತದೆ. ಯಾವುದು ಸಿಕ್ಕಿತೆಂದು ಗೆಟ್‌ಸಾಕ್‌ನೇಮ್ ಕರೆದು ತಿಳಿಯಬಹುದು. ಇದರಿಂದ ಟೆಸ್ಟ್‌ಗಳನ್ನು ಒಟ್ಟೊಟ್ಟಿಗೆ ಓಡಿಸಬಹುದು.

ಆದರೆ ನಿಮ್ಮ ಹೆಲ್ಪರ್ ಮಾಡುವುದು ಸ್ವಲ್ಪ ಬೇರೆ. ಅದು 0ಗೆ ಬೈಂಡ್ ಮಾಡಿ, ನಂಬರ್ ತಿಳಿದುಕೊಂಡು, ಸಾಕೆಟ್ ಮುಚ್ಚಿ, ನಂಬರನ್ನು ಮಾತ್ರ ಹಿಂದಿರುಗಿಸುತ್ತದೆ. ಟೆಸ್ಟ್ ಆಮೇಲೆ ಅದೇ ನಂಬರ್‌ಗೆ ಇನ್ನೊಮ್ಮೆ ಬೈಂಡ್ ಮಾಡುತ್ತದೆ. ಈ ಎರಡರ ನಡುವೆ ಆ ಪೋರ್ಟ್ ಯಾರದ್ದೂ ಅಲ್ಲ. ಬೇರೆ ಟೆಸ್ಟ್ ಹಿಡಿಯಬಹುದು. ಹೊರಗೆ ಹೋಗುವ ಯಾವುದೋ ಕನೆಕ್ಷನ್ ಹಿಡಿಯಬಹುದು, ಅವೂ ಇದೇ ಸಾಲಿನಿಂದ ಪೋರ್ಟ್ ಪಡೆಯುತ್ತವೆ. ನಿಮ್ಮ ಯಂತ್ರದಲ್ಲಿ ನೂರು ಸಲ ಓಡಿಸಿದರೂ ಕಾಣದೆ, ಎಲ್ಲರೂ ಹಂಚಿಕೊಳ್ಳುವ ಬಿಲ್ಡ್ ಸರ್ವರ್‌ನಲ್ಲಿ ಎಂದೋ ಒಮ್ಮೆ ಫೇಲ್ ಆಗುವ ಟೆಸ್ಟ್ ಹುಟ್ಟುವುದು ಹೀಗೆ. ಹಾಗೆ ಆಗೊಮ್ಮೆ ಈಗೊಮ್ಮೆ ಫೇಲ್ ಆದಾಗ ಜನ ಇನ್ನೊಂದು ಸಲ ಓಡಿಸಿ ಮುಂದೆ ಹೋಗುತ್ತಾರೆ. ನಿಜವಾದ ತಪ್ಪು ಬಂದ ದಿನವೂ ಹಾಗೇ ಮಾಡುತ್ತಾರೆ. ಹೆಲ್ಪರ್ ಸಾಕೆಟನ್ನು ಮುಚ್ಚದೆ, ಲಿಸನ್ ಮಾಡಿದ ಸಾಕೆಟನ್ನೂ ಪೋರ್ಟ್ ನಂಬರನ್ನೂ ಒಟ್ಟಿಗೆ ಕೊಡಲಿ.

ಇಲ್ಲೇ ಇನ್ನೊಂದು ಸೂಕ್ಷ್ಮವಿದೆ. ಪೋರ್ಟ್ ನಂಬರ್ ನೆಟ್‌ವರ್ಕಿಗೆ ಹೋಗುವಾಗ ಬೈಟ್‌ಗಳ ಕ್ರಮ ತಿರುಗಿಸಬೇಕು, ಎಚ್‌ಟಾನ್ಸ್ ಮಾಡುವ ಕೆಲಸ ಅದು. ಸರ್ವರ್ ಕಡೆ ಯಾರಾದರೂ ಅದನ್ನು ಮರೆತರೆ, ನಾವು ದಿನಾ ಬಳಸುವ ಇಂಟೆಲ್ ಯಂತ್ರಗಳಲ್ಲಿ 8080 ಎಂದದ್ದು 36895 ಆಗುತ್ತದೆ. ಕ್ಲೈಂಟ್ 8080ಗೆ ಹೋಗಿ ಬಾಗಿಲು ತಟ್ಟಿ ವಾಪಸ್ ಬರುತ್ತದೆ, ಟೆಸ್ಟ್ ಫೇಲ್. ಹಳೆಯ ಟೆಸ್ಟ್ ತನಗೇ ಗೊತ್ತಿಲ್ಲದೆ ಇದನ್ನು ಕಾಯುತ್ತಿತ್ತು. ಮೇಲಿನಂತೆ ಹೆಲ್ಪರ್ ಸರಿಪಡಿಸಿದ ಮೇಲೆ ಬೈಂಡ್‌ಗೆ ಎಲ್ಲ ಕಡೆ 0. ಸೊನ್ನೆಯನ್ನು ತಿರುಗಿಸಿದರೂ ಸೊನ್ನೆಯೇ ಅಲ್ವಾ? ಆಗ ನಿಮ್ಮ ಲೈಬ್ರರಿಯ ಬೈಂಡ್ ಫಂಕ್ಷನ್‌ನಿಂದ ಎಚ್‌ಟಾನ್ಸ್ ತೆಗೆದುಹಾಕಿದರೂ ಆರೂ ಟೆಸ್ಟ್ ಪಾಸ್ ಆಗುತ್ತವೆ. ನಂಬದಿದ್ದರೆ ತೆಗೆದು ಓಡಿಸಿ ನೋಡಿ. ಹೀಗಾಗಿ ಒಂದೇ ಒಂದು ಟೆಸ್ಟ್ ಮಾತ್ರ ನಿಗದಿಯಾದ ಪೋರ್ಟ್ ಇಟ್ಟುಕೊಳ್ಳಲಿ. ಅದು ಬೈಂಡ್ ಮಾಡಿ, ಗೆಟ್‌ಸಾಕ್‌ನೇಮ್ ಕೊಟ್ಟ ಪೋರ್ಟ್ ತಾನು ಕೇಳಿದ್ದೇ ಹೌದೇ ಎಂದು ನೋಡಲಿ. ಬೇರೆ ಪ್ರೋಗ್ರಾಂಗಳ ಜೊತೆ ಜಗಳ ಬೇಡವೆಂದರೆ ಅದನ್ನು ಬೇರೆ ನೆಟ್‌ವರ್ಕ್ ನೇಮ್‌ಸ್ಪೇಸ್‌ನಲ್ಲಿ, ಅಂದರೆ ಕರ್ನಲ್ ಕೊಡುವ ಪ್ರತ್ಯೇಕ ನೆಟ್‌ವರ್ಕ್‌ನಲ್ಲಿ, ಓಡಿಸಿ. ಹೊಸ ನೇಮ್‌ಸ್ಪೇಸ್‌ನಲ್ಲಿ ಲೂಪ್‌ಬ್ಯಾಕ್ (ಯಂತ್ರ ತನ್ನೊಂದಿಗೇ ಮಾತಾಡುವ ದಾರಿ) ಕೂಡ ಮುಚ್ಚಿಯೇ ಇರುತ್ತದೆ. ಮೊದಲು ಅದನ್ನು ತೆರೆಯಿರಿ, ಇಲ್ಲದಿದ್ದರೆ ಎಲ್ಲ ಟೆಸ್ಟ್ ಫೇಲ್ ಆಗಿ ಒಂದು ಗಂಟೆ ತಲೆ ಕೆಡಿಸಿಕೊಳ್ಳುತ್ತೀರಿ.

'ಸರ್ವರ್ ಮತ್ತೆ ಶುರು' ಎಂಬ ಟೆಸ್ಟ್‌ನ ಕಥೆಯೂ ಹೀಗೇ. ಸರ್ವರ್ ನಿಲ್ಲಿಸಿ ಅದೇ ಪೋರ್ಟ್‌ನಲ್ಲಿ ತಕ್ಷಣ ಮತ್ತೆ ಏಳಬಹುದೇ ಎಂದು ನೋಡುವ ಟೆಸ್ಟ್ ಅದು. ಕನೆಕ್ಷನ್ ಮೊದಲು ಮುಚ್ಚಿದ ಕಡೆ ಟೈಮ್‌ವೇಟ್ ಸ್ಥಿತಿ ಉಳಿಯುತ್ತದೆ, ಲಿನಕ್ಸ್‌ನಲ್ಲಿ 60 ಸೆಕೆಂಡ್. ಅದೇ ಪೋರ್ಟ್ ಮತ್ತೆ ಬಳಸಲು ಬಿಡುವ ರೀಯೂಸ್ ಅಡ್ರೆಸ್ ಆಯ್ಕೆ ಹಾಕದೆ ಆ ಹೊತ್ತಿನಲ್ಲಿ ಬೈಂಡ್ ಮಾಡಿದರೆ 'ವಿಳಾಸ ಬಳಕೆಯಲ್ಲಿದೆ' ಎಂದು ಬರುತ್ತದೆ. ಪ್ಯಾಚ್‌ನಲ್ಲಿ ಎರಡನೆಯ ಬೈಂಡ್ ಕೂಡ 0. ಅಂದರೆ ಪ್ರತಿ ಸಲ ಬೇರೆ ಪೋರ್ಟ್. ಮತ್ತೆ ಶುರು ಮಾಡುವುದನ್ನು ಅದು ಪರೀಕ್ಷಿಸುತ್ತಲೇ ಇಲ್ಲ. ಮೊದಲ ಸಲ 0 ಇರಲಿ. ಎರಡನೆಯ ಸಲ ಮೊದಲು ಸಿಕ್ಕ ನಂಬರನ್ನೇ ಕೊಡಬೇಕು.

ಅಂದ ಹಾಗೆ, ಅವರು ಉಳಿದ ಟೆಸ್ಟ್‌ಗಳಿಂದ ರೀಯೂಸ್ ಅಡ್ರೆಸ್ ಸಾಲು ತೆಗೆದದ್ದು ಸರಿ. ಪೋರ್ಟ್ 0 ಇದ್ದರೆ ಅದು ಬೇಕಿಲ್ಲ. ಯಾರಾದರೂ ಅದರ ಬದಲು ರೀಯೂಸ್ ಪೋರ್ಟ್ ಹಾಕೋಣ ಎಂದರೆ ಒಪ್ಪಬೇಡಿ. ಲಿನಕ್ಸ್ 3.9ರಲ್ಲಿ, 2013ರಲ್ಲಿ ಬಂದ ಆಯ್ಕೆ ಅದು. ಹೆಸರು ಹತ್ತಿರ, ಕೆಲಸ ದೂರ. ಎರಡು ಟೆಸ್ಟ್‌ಗಳು ಒಂದೇ ಪೋರ್ಟ್‌ನಲ್ಲಿ ಒಟ್ಟಿಗೆ ಕೂತರೂ ಕರ್ನಲ್ ಬೇಡ ಎನ್ನುವುದಿಲ್ಲ, ಬರುವ ಕನೆಕ್ಷನ್‌ಗಳನ್ನು ಇಬ್ಬರಿಗೂ ಹಂಚುತ್ತದೆ. ಒಬ್ಬರ ಕ್ಲೈಂಟ್ ಇನ್ನೊಬ್ಬರ ಸರ್ವರ್ ಜೊತೆ ಮಾತಾಡುತ್ತದೆ.

ಸ್ಲೀಪ್ ತೆಗೆದದ್ದನ್ನು ನೋಡಿ ನನಗೆ ತುಂಬಾ ಸಂತೋಷವಾಯಿತು. ಫೋರ್ಕ್ ಮಾಡಿ ಹೊಸ ಪ್ರೋಸೆಸ್ ಹುಟ್ಟಿಸಿದ ಮೇಲೆ 'ಸರ್ವರ್ ಏಳಲಿ' ಎಂದು ಒಂದು ಸೆಕೆಂಡ್ ಕಾಯುವುದು ಟೆಸ್ಟ್‌ಗಳಲ್ಲಿ ಬಹಳ ಕಾಣುವ ಅಭ್ಯಾಸ. ಯಂತ್ರದ ಮೇಲೆ ಹೊರೆ ಜಾಸ್ತಿಯಾದರೆ ಒಂದು ಸೆಕೆಂಡ್ ಸಾಲುವುದಿಲ್ಲ, ಇಲ್ಲದಿದ್ದರೆ ಸುಮ್ನೆ ದಂಡ. ಅವರು ಲಿಸನ್ ಕರೆಯನ್ನು ಫೋರ್ಕ್‌ಗಿಂತ ಮೊದಲೇ ತಂದಿದ್ದಾರೆ. ಇದೇ ಸರಿಯಾದ ಮದ್ದು. ಲಿಸನ್ ಆದ ಮೇಲೆ ಕೈಕುಲುಕುವ ಕೆಲಸ ಕರ್ನಲ್‌ದು. ಸರ್ವರ್ ಇನ್ನೂ ಆಕ್ಸೆಪ್ಟ್ ಕರೆಯದಿದ್ದರೂ ಕ್ಲೈಂಟ್‌ನ ಕನೆಕ್ಟ್ ಯಶಸ್ವಿಯಾಗುತ್ತದೆ, ಕನೆಕ್ಷನ್ ಸಾಲಿನಲ್ಲಿ ನಿಂತು ಕಾಯುತ್ತದೆ. ಕಾಯುವ ಕೋಡ್ ಬೇಕಾಗುವುದೇ ಇಲ್ಲ.

ಆದರೆ ಎಲ್ಲ ಸ್ಲೀಪ್‌ಗಳೂ ಒಂದೇ ಜಾತಿಯವಲ್ಲ. ರಿಸೆಟ್ ಟೆಸ್ಟ್‌ನ ಸರ್ವರ್ ಕಡೆ ಇದ್ದ ಸ್ಲೀಪ್‌ಗೆ ಕೆಲಸವಿತ್ತು. ಕ್ಲೈಂಟ್‌ನ ನೂರು ಬೈಟ್ ಬಂದು ಬಫರ್ ಸೇರುವವರೆಗೆ ಅದು ಕಾಯುತ್ತಿತ್ತು. ಡೇಟಾ ಬರುವ ಮೊದಲೇ ಮುಚ್ಚಿದರೆ ಮೊದಲು ಫಿನ್ ಹೋಗುತ್ತದೆ, ಕ್ಲೈಂಟ್‌ಗೆ 0 ಸಿಗಬಹುದು. ಸ್ಲೀಪ್ ವಾಪಸ್ ತರಬೇಡಿ. ಸರ್ವರ್ ಕಡೆ ಪೀಕ್ ಆಯ್ಕೆ ಕೊಟ್ಟು ರಿಸೀವ್ ಕರೆಯಿರಿ. ಅದು ಡೇಟಾ ಬರುವವರೆಗೆ ಕಾಯುತ್ತದೆ, ಬಂದದ್ದನ್ನು ಇಣುಕಿ ನೋಡಿ ಬಫರ್‌ನಲ್ಲೇ ಬಿಡುತ್ತದೆ. ಆಮೇಲೆ ಮುಚ್ಚಿದರೆ ಪ್ರತಿ ಸಲವೂ ರಿಸೆಟ್ ಬರುತ್ತದೆ. ಇನ್ನೊಂದು ಟೆಸ್ಟ್‌ನಲ್ಲಿ 'ಇನ್ನೂರು ಮಿಲಿಸೆಕೆಂಡ್ ಒಳಗೆ ಏನೂ ಬರಬಾರದು' ಎಂದು ಕಾಯುವ ಸಾಲಿತ್ತು. ಅಲ್ಲಿ ಕಾಯುವುದೇ ಪರೀಕ್ಷೆ. ಅದನ್ನು ತೆಗೆದರೆ ಪರೀಕ್ಷೆಯೇ ಹೋಯಿತು. ಡೇಟಾಗೆ ಕಾಯುವ ಪೋಲ್ ಕರೆಗೆ ಇನ್ನೂರರ ಮಿತಿ ಕೊಟ್ಟು ಅದನ್ನು ವಾಪಸ್ ತರಲು ಹೇಳಿ.

ಚಿಕ್ಕವು ಎರಡು. ಸಾಕೆಟ್ ತೆರೆಯುವ ಹೆಲ್ಪರ್ ಬೈಂಡ್ ವಿಫಲವಾದಾಗ ಮೊದಲು ಕ್ಲೋಸ್ ಕರೆದು ಆಮೇಲೆ ಎರ್‌ನೋ ಮುದ್ರಿಸುತ್ತದೆ. ಕ್ಲೋಸ್ ಆ ಬೆಲೆಯನ್ನು ಬದಲಾಯಿಸಬಹುದು, ಮೊದಲೇ ಎತ್ತಿಟ್ಟುಕೊಳ್ಳಬೇಕು. ಮತ್ತೆ, ಸಾಕೆಟ್ ಸಿಕ್ಕಿತೇ ಎಂದು ನೋಡುವಾಗ 'ಸೊನ್ನೆಗಿಂತ ಜಾಸ್ತಿ' ಎಂದು ಬರೆದಿದ್ದಾರೆ. 0 ಕೂಡ ಸರಿಯಾದ ಡಿಸ್ಕ್ರಿಪ್ಟರ್ (ಸಾಕೆಟ್‌ಗೆ ಕರ್ನಲ್ ಕೊಡುವ ನಂಬರ್). ಸ್ಟ್ಯಾಂಡರ್ಡ್ ಇನ್‌ಪುಟ್ ಮುಚ್ಚಿ ಟೆಸ್ಟ್ ಓಡಿಸುವ ಕಡೆ ಮೊದಲ ಸಾಕೆಟ್‌ಗೆ 0 ಸಿಗುತ್ತದೆ.

ಇದನ್ನೆಲ್ಲ ಕಣ್ಣಲ್ಲೇ ಹಿಡಿಯಬೇಕೆಂದಿಲ್ಲ. ನಾನು ಮಾಡುವುದು ಹೀಗೆ. ಪ್ಯಾಚ್ ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ, ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆಗಳನ್ನು ಪಟ್ಟಿ ಮಾಡುವ ಎಸ್‌ಟ್ರೇಸ್ ಒಳಗೆ ಟೆಸ್ಟನ್ನು ಓಡಿಸುತ್ತೇನೆ. ನೆಟ್‌ವರ್ಕ್ ಕರೆಗಳನ್ನೂ ಕ್ಲೋಸ್ ಕರೆಯನ್ನೂ ಮಾತ್ರ ತೋರಿಸುವಂತೆ, ಮಕ್ಕಳ ಪ್ರೋಸೆಸ್‌ಗಳನ್ನೂ ಹಿಂಬಾಲಿಸುವಂತೆ ಹೇಳುತ್ತೇನೆ. ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಮುಕ್ಕಾಲು ಕೆಲಸ ಮುಗಿಯಿತು. ರಿಸೀವ್‌ನಲ್ಲಿ 1024 ಇದ್ದದ್ದು 8 ಆದದ್ದು ಅಲ್ಲಿ ಎದ್ದು ಕಾಣುತ್ತದೆ. 'ಕನೆಕ್ಷನ್ ರಿಸೆಟ್' ಎಂದು ಮುಗಿಯುತ್ತಿದ್ದ ಸಾಲು ಈಗ 0 ಎಂದು ಮುಗಿಯುವುದೂ ಕಾಣುತ್ತದೆ.

ಆಮೇಲೆ ಲೈಬ್ರರಿಯನ್ನು ಬೇಕೆಂದೇ ಕೆಡಿಸುತ್ತೇನೆ. ಪ್ರತಿ ಟೆಸ್ಟ್‌ಗೂ ಅದು ಹಿಡಿಯಬೇಕಾದ ಒಂದು ತಪ್ಪು. ಎಚ್‌ಟಾನ್ಸ್ ತೆಗೆದು ಓಡಿಸುವುದು, ಟೈಮ್‌ಔಟ್ ಕೋಡ್ ಮುಚ್ಚಿ ಓಡಿಸುವುದು, ರಿಸೆಟನ್ನು ಮುಕ್ತಾಯ ಎಂದು ಹೇಳಿಸಿ ಓಡಿಸುವುದು. ಟೆಸ್ಟ್ ಕೆಂಪಾದರೆ ಸರಿಯಾಗಿದೆ ಎಂದರ್ಥ. ಹಸಿರಾಗಿಯೇ ಉಳಿದರೆ ಅಲ್ಲಿ ಕೇಳಬೇಕಾದ ಮಾತಿದೆ. ಆರು ಟೆಸ್ಟ್‌ಗೆ ಆರು ಸಲ, ಒಂದು ಗಂಟೆಯ ಕೆಲಸ. ಕೊನೆಗೆ ಲೂಪ್‌ಬ್ಯಾಕ್ ಮೇಲೆ ನೆಟ್‌ವರ್ಕ್ ತಡವನ್ನು ನಟಿಸುವ ನೆಟ್‌ಎಮ್‌ನಿಂದ ಐವತ್ತು ಮಿಲಿಸೆಕೆಂಡ್ ತಡ ಹಾಕಿ ಐನೂರು ಸಲ ಓಡಿಸಿ ಊಟಕ್ಕೆ ಹೋಗುತ್ತೇನೆ. ಸಮಯವನ್ನು ನಂಬಿ ಬರೆದ ಸಾಲುಗಳು ಅಲ್ಲಿ ಹೊರಬೀಳುತ್ತವೆ.

ಇನ್ನು, ಹಿರಿಯರಿಗೆ ಹೇಗೆ ಹೇಳುವುದು? ನಿಮ್ಮ ಪ್ರಶ್ನೆಯ ಒಳಗೆ ಇದೂ ಇದೆ ಎಂದು ನನಗನ್ನಿಸಿತು. ಅವರು ಒಳ್ಳೆಯ ಕೆಲಸ ಮಾಡಿದ್ದಾರೆ. ಆರು ಕಡೆ ಇದ್ದ ಒಂದೇ ಕೋಡನ್ನು ಒಂದು ಕಡೆ ತರುವುದಕ್ಕೆ ತಾಳ್ಮೆ ಬೇಕು, ಯಾರೂ ಹೊಗಳದ ಕೆಲಸ ಅದು. ಅದನ್ನು ಮೊದಲು ಹೇಳಿ, ಮನಸ್ಸಿಟ್ಟು ಹೇಳಿ. ಉಳಿದದ್ದನ್ನು ನೀವು ಕಂಡದ್ದರ ಮೂಲಕ ಹೇಳಿ. 'ಇದು ತಪ್ಪು' ಎನ್ನುವುದಕ್ಕಿಂತ 'ಲೈಬ್ರರಿಯಲ್ಲಿ ರಿಸೆಟನ್ನು ಮುಕ್ತಾಯ ಎಂದು ಹೇಳಿಸಿ ಓಡಿಸಿದೆ, ಮೊದಲು ಫೇಲ್ ಆಗುತ್ತಿತ್ತು, ಈಗ ಪಾಸ್ ಆಗುತ್ತಿದೆ' ಎನ್ನುವುದು ಉತ್ತಮ. ಅದರಲ್ಲಿ ಹಿರಿಯರು ಕಿರಿಯರು ಎಂಬ ಮಾತೇ ಬರುವುದಿಲ್ಲ. ಅವರೂ ಓಡಿಸಿ ನೋಡಬಹುದು.

ಪ್ಯಾಚನ್ನು ಮೂರು ಮಾಡಲು ಕೇಳಿ. ಹೆಲ್ಪರ್‌ಗಳಿಗೆ ಕೋಡ್ ಸರಿಸುವುದು ಒಂದು. ಅದಕ್ಕೆ 'ನಡವಳಿಕೆಯಲ್ಲಿ ಬದಲಾವಣೆ ಇಲ್ಲ' ಎಂಬ ಮಾತು ಒಪ್ಪುತ್ತದೆ, ಎಸ್‌ಟ್ರೇಸ್ ಪಟ್ಟಿಯೂ ಹಾಗೇ ಹೇಳಬೇಕು. ಪೋರ್ಟ್ 0 ಇನ್ನೊಂದು. ಸ್ಲೀಪ್ ತೆಗೆಯುವುದು ಮೂರನೆಯದು. ಈ ಎರಡು ನಡವಳಿಕೆ ಬದಲಾಯಿಸುತ್ತವೆ, ಹಾಗೆಂದು ಕಮಿಟ್ ಮೆಸೇಜ್‌ನಲ್ಲೇ ಬರೆಯಲಿ, ಏಕೆ ಎಂದೂ ಬರೆಯಲಿ. ಮುಂದೆ ಯಾವುದೋ ಟೆಸ್ಟ್ ಕೈಕೊಟ್ಟು ಗಿಟ್ ಬೈಸೆಕ್ಟ್‌ನಿಂದ ಯಾವ ಬದಲಾವಣೆ ಕೆಡಿಸಿತು ಎಂದು ಹುಡುಕುವವರಿಗೆ ಎಂಬತ್ತು ಸಾಲಿನ ಬದಲು ಹತ್ತು ಸಾಲು ಸಿಗುತ್ತದೆ. ರಿಸೆಟ್ ಟೆಸ್ಟ್‌ನ ತಪಾಸಣೆ ಮೊದಲಿನಂತೆ ಎರಡಾಗಿಯೇ ಉಳಿಯಲಿ. ಸರ್ವರ್ ಓದದೆ ಮುಚ್ಚುವ ಸಾಲಿನ ಮೇಲೆ ಒಂದು ಕಾಮೆಂಟ್ ಹಾಕಿಸಿ: 'ಬೇಕೆಂದೇ ಓದಿಲ್ಲ, ರಿಸೆಟ್ ಬರಬೇಕು.' ಈ ಒಂದು ಸಾಲು ಅಲ್ಲಿ ಮೊದಲೇ ಇದ್ದಿದ್ದರೆ ಅವರೂ ಅದನ್ನು ಮುಟ್ಟುತ್ತಿರಲಿಲ್ಲ. ಮೂರು ಪ್ಯಾಚ್‌ಗಳೂ ಬಂದ ಮೇಲೆ ಮೊದಲನೆಯದನ್ನು ತಡ ಮಾಡದೆ ಅಪ್ರೂವ್ ಮಾಡಿ. ಉಳಿದ ಎರಡನ್ನು ಮತ್ತೆ ಒಮ್ಮೆ ಕೆಡಿಸಿ ನೋಡಿ.